ಸೀನೀರಿನ ಲೆಕ್ಕ

ನಮ್ಮ ಸೀಮೆಯಲ್ಲಿ ಬಾವಿಗಳಿಗೆ ಹೆಸರಿಡುವ ಅಧಿಕಾರ ನಾಲಗೆಯದು. ಸೀನೀರ ಬಾವಿ, ಉಪ್ಪುನೀರ ಬಾವಿ, ಸವಳುಬಾವಿ. ಇಷ್ಟರಲ್ಲಿ ಜಾತಿವಿಂಗಡಣೆ ಮುಗಿಯಿತು. ಬಾವಿಯನ್ನು ತೋಡಿಸಿದ ಪುಣ್ಯಾತ್ಮನ ಹೆಸರನ್ನು ಎರಡನೆಯ ತಲೆಮಾರಿಗೆ ಯಾರೂ ಹೇಳಲಾರರು. ನೀರಿನ ರುಚಿಯನ್ನು ಮಾತ್ರ ಮರೆಯಲಾರರು. ಚಂದಕವಾಡಿಯ ಸುತ್ತಿನಲ್ಲಿ ನಾನು ಬೆಳೆಯುತ್ತಿದ್ದ ಕಾಲಕ್ಕೆ ಹೆಣ್ಣು ಕೊಡುವವರು ಗಂಡಿನ ಮನೆಯ ಹೊಲ, ಎತ್ತು, ಕೊಟ್ಟಿಗೆಗಳೊಡನೆ ನೀರನ್ನೂ ವಿಚಾರಿಸುತ್ತಿದ್ದುದನ್ನು ಕೇಳಿದ್ದೇನೆ. “ಬೇಳೆ ಬೇಯ್ತದಾ?” ಎಂಬ ಒಂದೇ ಪ್ರಶ್ನೆಯಲ್ಲಿ ಆ ವಿಚಾರಣೆಯೆಲ್ಲ ಅಡಗಿರುತ್ತಿತ್ತು. ಬೇಳೆ ಬೇಯದ ಮನೆಗೆ ಸೇರಿದ ಹುಡುಗಿಯ ಕಣ್ಣು ಒಲೆಯ ಹೊಗೆಗೆ ಎಷ್ಟು ಕೆಂಪಾಗುವುದೆಂಬುದು ತಾಯಂದಿರಿಗೆ ತಿಳಿಯದ ಮಾತೇನಲ್ಲ.

ನಾಲಗೆ, ಬೇಳೆ, ಸಾಬೂನು ಈ ಮೂವರೂ ಒಪ್ಪಿದ ನೀರು ಒಳ್ಳೆಯ ನೀರು: ಇದು ನಮ್ಮ ಹಿರಿಯರ ಧರ್ಮಶಾಸ್ತ್ರ. ಬಹುಮಟ್ಟಿಗೆ ಇದು ಸರಿಯಾದ ಶಾಸ್ತ್ರವೇ. ಆದರೆ ಈ ಮೂವರು ಸಾಕ್ಷಿಗಳೂ ಒಕ್ಕೊರಲಿನಿಂದ ಹೊಗಳಿದ ನೀರನ್ನು ನಾನು ಒಪ್ಪದೆ, ನಮ್ಮ ಮನೆಯಲ್ಲಿ ಎರಡು ವಾರಗಳ ಕಾಲ ನಿಷ್ಠುರ ಕಟ್ಟಿಕೊಳ್ಳಬೇಕಾಯಿತು. ಆ ಕಥೆಯನ್ನು ಹೇಳುವುದಕ್ಕೆ ಸ್ವಲ್ಪ ಲೆಕ್ಕವನ್ನೂ ಹೇಳಬೇಕಾಗುತ್ತದೆ. ಓದುಗರು ದಯಮಾಡಿ ಪುಟ ತಿರುವಬಾರದು. ಕೂಡುವುದಕ್ಕೂ ಭಾಗಿಸುವುದಕ್ಕೂ ಬಂದರೆ ಸಾಕು, ಮಿಕ್ಕದ್ದನ್ನು ನಾನು ನೋಡಿಕೊಳ್ಳುತ್ತೇನೆ.

ನಮ್ಮ ಹೊಲದಲ್ಲಿ ನೀರಿನ ಆಸರೆ ಎರಡು. ಒಂದು, ತಾತನ ಕಾಲದ ತೆರೆದ ಬಾವಿ. ಕಲ್ಲಿನ ಕಟ್ಟಡ, ಇಳಿದು ಹೋಗಲು ಮೆಟ್ಟಿಲು, ಒಳಗೆ ನಾಲ್ಕಾರು ಆಮೆಗಳು. ಅದರ ನೀರು ಮಹಾ ಗಡಸು. ಹಂಡೆಯಲ್ಲಿ ಕಾಯಿಸಿದರೆ ವರ್ಷ ತುಂಬುವುದರೊಳಗೆ ಒಳಗೋಡೆಗೆ ಬಿಳಿಯ ಹಕ್ಕಳೆ ಕಟ್ಟುತ್ತದೆ. ಸಾಬೂನು ಉಜ್ಜಿದರೆ ನೊರೆಯೇಳುವ ಬದಲು ಒಡೆದ ಹಾಲಿನಂತೆ ಗರಣೆಗರಣೆಯಾಗಿ ತೇಲುತ್ತದೆ. ತೊಗರಿಬೇಳೆ ಅದರಲ್ಲಿ ಬೇಯುವುದು ದೇವರ ದಯೆ. ಇನ್ನೊಂದು, ನನ್ನ ಅಣ್ಣನ ಮಗ ಕೊರೆಸಿದ ಕೊಳವೆಬಾವಿ. ಐನೂರು ಅಡಿಗೂ ಮಿಕ್ಕಿ ಇಳಿದ ಮೇಲೆ ಸಿಕ್ಕಿದ ನೀರು. ಅದನ್ನು ಕೈಗೆ ಹಾಕಿಕೊಂಡರೆ ನುಣುಪು; ಬಾಯಿಗೆ ಹಾಕಿಕೊಂಡರೆ ಸಪ್ಪೆಯೂ ಅಲ್ಲದ ಉಪ್ಪೂ ಅಲ್ಲದ ಒಂದು ಹಿತವಾದ ರುಚಿ. ಬೇಳೆ ಅರ್ಧ ಗಂಟೆಗೆ ಕರಗಿಹೋಗುತ್ತದೆ. ನಮ್ಮ ಅತ್ತಿಗೆ ಐವತ್ತು ವರ್ಷ ಆ ಹಳೆಯ ಬಾವಿಯ ನೀರಿನೊಡನೆ ಹೋರಾಡಿದವರು. ಕೊಳವೆಬಾವಿಯ ನೀರಿನಲ್ಲಿ ಮೊದಲ ದಿನ ಬಟ್ಟೆ ಒಗೆದಾಗ ಬಕೀಟಿನ ಅಂಚು ಮೀರಿ ಬಂದ ನೊರೆಯನ್ನು ನೋಡಿ ಅವರು ಅಕ್ಷರಶಃ ಕೈಮುಗಿದರಂತೆ.

ಆ ನೀರನ್ನು ಅಡುಗೆಮನೆಗೆ ತರುವುದಕ್ಕಾಗಿ ಕೊಳಾಯಿ ಹಾಕಿಸಲು ಮನೆಯವರೆಲ್ಲ ನಿಶ್ಚಯಿಸಿದರು. ಅದೇ ಸಮಯಕ್ಕೆ ನಾನು ಮೈಸೂರಿನಿಂದ ಊರಿಗೆ ಹೋಗಿದ್ದೆ. ಮನೆಯಲ್ಲಿ ಒಂದೂವರೆ ವರ್ಷದ ಕೂಸು, ಅಣ್ಣನ ಮೊಮ್ಮಗಳು. ಆಗ ತಾನೆ ಅದಕ್ಕೆ ರಾಗಿಸರಿ, ಮೆತ್ತನೆಯ ಅನ್ನ ಇವೆಲ್ಲ ರೂಢಿಯಾಗುತ್ತಿದ್ದುವು. “ಒಳ್ಳೆ ನೀರ್ಗೆ ಕಾಯ್ತಿದ್ಲು ಕಣಪ್ಪ ನನ್ ಮೊಮ್ಮಗ್ಳು; ಉಟ್ದಾಗ್ಲೇ ಗಂಗೆ ಬಂದ್ಲು” ಎಂದರು ಅತ್ತಿಗೆ. ಆ ಸಂತೋಷದ ನಡುವೆ, “ಪರೀಕ್ಷೆ ಮಾಡಿಸುವವರೆಗೆ ಮಗುವಿಗೆ ಆ ನೀರು ಬೇಡ ಅತ್ತಿಗೆ” ಎಂದು ನಾನು ಹೇಳಿದೆ. ಅವರ ಮುಖ ಹೇಗಾಯಿತೆಂಬುದನ್ನು ಬರೆಯುವುದಕ್ಕೆ ನನಗೆ ಈಗಲೂ ಮನಸ್ಸಾಗದು.

ನಾನು ಮೂವತ್ತುಮೂರು ವರ್ಷ ರಸಾಯನಶಾಸ್ತ್ರವನ್ನು ಬೋಧಿಸಿ ನಿವೃತ್ತನಾದವನು. ಉಪಾಧ್ಯಾಯರಿಗೆ ಎಲ್ಲದರಲ್ಲಿಯೂ ಅನುಮಾನ ಎಂದು ಮನೆಯವರು ನಗಬಹುದು. ನನ್ನ ಅನುಮಾನಕ್ಕೆ ಆಧಾರವಿತ್ತು. ಕೊಳವೆಬಾವಿಯ ನೀರು ನಿಲ್ಲುವ ತಗ್ಗಿನಲ್ಲಿ, ಬೇಸಗೆಯಲ್ಲಿ, ಮಣ್ಣಿನ ಮೇಲೆ ತೆಳ್ಳಗೆ ಬೂದಿ ಎರಚಿದಂತೆ ಬಿಳುಪು ಮೂಡುತ್ತಿತ್ತು; ಮಣ್ಣು ಒದ್ದೆಯಾದಾಗ ಅಂಟಂಟಾಗಿ ಜಾರುತ್ತಿತ್ತು. ಇದು ಚೌಳಿನ ಲಕ್ಷಣ. ನೀರಿನಲ್ಲಿ ಸೋಡದ ಅಂಶ ಹೆಚ್ಚು, ಸುಣ್ಣದ ಅಂಶ ಕಡಿಮೆ ಎಂಬುದಕ್ಕೆ ಅದೇ ಕುರುಹು. ಸುಣ್ಣ ಕಡಿಮೆಯಾದ ನೀರು ಎಂದ ಕೂಡಲೇ ನನಗೆ ಇನ್ನೊಂದು ವಸ್ತುವಿನ ನೆನಪಾಯಿತು. ಆ ವಸ್ತುವಿಗೆ ರುಚಿಯಿಲ್ಲ, ಬಣ್ಣವಿಲ್ಲ, ವಾಸನೆಯಿಲ್ಲ. ಅದರ ಹೆಸರು ಫ್ಲೋರೈಡ್.

ಈಗ ಲೆಕ್ಕಕ್ಕೆ ಬರೋಣ. ಮೈಸೂರಿನ ಕಾಲೇಜಿನಲ್ಲಿ ನಮಗೆ ಪಾಠ ಹೇಳುತ್ತಿದ್ದ ಗುರುಗಳೊಬ್ಬರು ಒಂದು ದಿನ ಗಾಜಿನ ಪಾತ್ರೆಯಲ್ಲಿ ತಿಳಿಯಾದ ಉಪ್ಪುನೀರನ್ನು ತಂದಿಟ್ಟರು. ಕರಗುವಷ್ಟು ಉಪ್ಪೆಲ್ಲ ಕರಗಿ, ಇನ್ನೊಂದು ಹರಳನ್ನೂ ಒಲ್ಲೆನೆನ್ನುವ ನೀರು ಅದು; ನೂರು ಗ್ರಾಂ ನೀರಿಗೆ ಸುಮಾರು ೩೬ ಗ್ರಾಂ ಉಪ್ಪು. ಬೋರಲು ಹಾಕಿದ ಆಲಿಕೆಯ ಮೂಲಕ ಅದರೊಳಗೆ ಹೈಡ್ರೋಜನ್ ಕ್ಲೋರೈಡ್ ಅನಿಲವನ್ನು ಹಾಯಿಸಿದರು. ಕಾಯಿಸಲಿಲ್ಲ, ಆರಿಸಲಿಲ್ಲ, ಉಪ್ಪಿನ ಒಂದು ಕಣವನ್ನೂ ಹಾಕಲಿಲ್ಲ. ಆದರೂ ಗಾಜಿನಂತಿದ್ದ ನೀರು ಮಬ್ಬಾಗಿ, ಅಕ್ಕಿನುಚ್ಚಿನಂತೆ ಬೆಳ್ಳನೆಯ ಉಪ್ಪು ತಳಕ್ಕೆ ಉದುರತೊಡಗಿತು. ತರಗತಿಯಲ್ಲಿ ಗುಸುಗುಸು ನಿಂತುಹೋಯಿತು. ಅಂಥ ಪ್ರಯೋಗವನ್ನು ಕಂಡವರು ರಸಾಯನಶಾಸ್ತ್ರವನ್ನು ಪೂರ್ತಿ ಮರೆಯುವುದು ಕಷ್ಟ.

ಇದರ ಗುಟ್ಟು ಇಷ್ಟೆ. ಉಪ್ಪು ಕರಗಿತೆಂದರೆ ಅದು ಸೋಡಿಯಂ ಮತ್ತು ಕ್ಲೋರೈಡ್ ಎಂಬ ವಿದ್ಯುತ್ತನ್ನು ಹೊತ್ತ ಕಣಗಳಾಗಿ, ಅಂದರೆ ಅಯಾನುಗಳಾಗಿ, ಬೇರೆಬೇರೆಯಾಯಿತೆಂದರ್ಥ. ಲವಣಗಳು ಹೀಗೆ ನೀರಿನಲ್ಲಿ ಒಡೆದುಕೊಂಡಿರುತ್ತವೆ ಎಂಬುದನ್ನು ಸ್ವೀಡನ್ನಿನ ಅರ್ರೇನಿಯಸ್ ೧೮೮೭ರಲ್ಲಿ ಪ್ರತಿಪಾದಿಸಿದ. ಎರಡು ವರ್ಷಗಳ ಮೇಲೆ, ೧೮೮೯ರಲ್ಲಿ, ಇಪ್ಪತ್ತೈದರ ಆಸುಪಾಸಿನ ಜರ್ಮನ್ ತರುಣ ವಾಲ್ಟರ್ ನೆರ್ನ್‌ಸ್ಟ್ ಒಂದು ಲವಣದ ವಿಲೇಯತೆಯ ಮೇಲೆ ಇನ್ನೊಂದು ಲವಣದ ಪ್ರಭಾವವೇನೆಂಬುದಕ್ಕೆ ಲೆಕ್ಕ ಕಟ್ಟಿಕೊಟ್ಟ. ಕರಗುವಷ್ಟೂ ಕರಗಿ ತೃಪ್ತವಾದ ನೀರಿನಲ್ಲಿ ಆ ಲವಣದ ಎರಡು ಅಯಾನುಗಳ ಪ್ರಮಾಣವನ್ನು ಪರಸ್ಪರ ಗುಣಿಸಿದರೆ ಬರುವ ಮೊತ್ತ, ಶಾಖ ಬದಲಾಗದಿರುವವರೆಗೆ, ಬದಲಾಗದು. ಇದಕ್ಕೆ ವಿಲೇಯತಾ ಗುಣಲಬ್ಧವೆಂದು ಹೆಸರು. ನಮ್ಮ ರೈತರಿಗೆ ಹೇಳುವುದಾದರೆ, ಒಂದು ಎಕರೆಯ ಹೊಲವಿದ್ದಂತೆ. ವಿಸ್ತೀರ್ಣ ಅಷ್ಟೇ ಇರಬೇಕು. ಉದ್ದವನ್ನು ಹೆಚ್ಚಿಸಿದರೆ ಅಗಲವನ್ನು ಕಡಿಮೆ ಮಾಡಿಕೊಳ್ಳಲೇಬೇಕು. ಹೊರಗಿನಿಂದ ಕ್ಲೋರೈಡ್ ಬಂದು ಉದ್ದ ಬೆಳೆಯಿತು. ಆದ್ದರಿಂದ ಸೋಡಿಯಂ ತಗ್ಗಬೇಕಾಯಿತು. ತಗ್ಗುವುದಕ್ಕೆ ಇರುವ ದಾರಿ ಒಂದೇ, ಕ್ಲೋರೈಡಿನೊಡನೆ ಕೂಡಿ ಉಪ್ಪಾಗಿ ತಳಕ್ಕೆ ಬೀಳುವುದು. ಬಂದ ಪದಾರ್ಥಕ್ಕೂ ಇದ್ದ ಪದಾರ್ಥಕ್ಕೂ ಒಂದು ಅಯಾನು ಸಮಾನವಾಗಿರುವುದರಿಂದ ಇದು ಸಾಮಾನ್ಯ ಅಯಾನು ಪರಿಣಾಮ. ಅಡುಗೆಯ ಉಪ್ಪಿನಂತೆ ಧಾರಾಳವಾಗಿ ಕರಗುವ ಲವಣಗಳಿಗೆ ಈ ಲೆಕ್ಕ ಸ್ಥೂಲವಾಗಿ ಮಾತ್ರ ಹೊಂದುತ್ತದೆ. ಜಿಪುಣತನದಿಂದ ಕರಗುವ ಲವಣಗಳಿಗೆ ಚೆನ್ನಾಗಿ ಹೊಂದುತ್ತದೆ.

ಸಾಬೂನು ಮಾಡುವವರು ಈ ಉಪಾಯವನ್ನು ನೆರ್ನ್‌ಸ್ಟ್ ಹುಟ್ಟುವುದಕ್ಕೆ ಮುಂಚಿನಿಂದಲೂ ಬಲ್ಲರು. ಎಣ್ಣೆಯನ್ನೂ ಕ್ಷಾರವನ್ನೂ ದೊಡ್ಡ ಕಡಾಯಿಯಲ್ಲಿ ಕುದಿಸಿ ಸಾಬೂನಾದ ಮೇಲೆ, ಅದು ನೀರಿನೊಡನೆ ಬೆರೆತು ಅಂಟಾಗಿ ನಿಲ್ಲುತ್ತದೆ. ಹಳೆಯ ಪದ್ಧತಿಯಲ್ಲಿ ಅದಕ್ಕೆ ಹಿಡಿಹಿಡಿಯಾಗಿ ಉಪ್ಪನ್ನು ಸುರಿಯುತ್ತಾರೆ. ಸಾಬೂನಿನಲ್ಲಿಯೂ ಸೋಡಿಯಂ, ಉಪ್ಪಿನಲ್ಲಿಯೂ ಸೋಡಿಯಂ. ಸಾಬೂನು ನೀರನ್ನು ಬಿಟ್ಟು ಮೇಲೆ ತೇಲುತ್ತದೆ. ಉಪ್ಪು ಸಾಬೂನಿನ ಸೂಕ್ಷ್ಮ ಗುಂಪುಗಳನ್ನು ಒಡೆದು ಕೂಡಿಸುವ ಇನ್ನೊಂದು ಕೆಲಸವೂ ಇದರಲ್ಲಿ ಸೇರಿದೆಯೆಂದು ಪಂಡಿತರು ತಿದ್ದುವರು, ತಿದ್ದಲಿ. ೧೯೧೬ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆಯ ಕಾರ್ಖಾನೆ ಆರಂಭವಾಗಿ, ಅದರ ಬೆನ್ನಿಗೇ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನಿನ ಕಾರ್ಖಾನೆ ಎದ್ದಿತಷ್ಟೆ. ಗಂಧದ ಸಾಬೂನಿನ ಪರಿಮಳವನ್ನು ಕೊಂಡಾಡುವ ನಾವು ಕಡಾಯಿಗೆ ಬೀಳುವ ಬಡ ಉಪ್ಪನ್ನು ಯಾರೂ ನೆನೆಯುವುದಿಲ್ಲ.

ಉಪ್ಪಿನ ಮಾತು ಬಂದಾಗ ನಮ್ಮ ಜಿಲ್ಲೆಯವರು ಇನ್ನೊಂದನ್ನು ಮರೆಯಬಾರದು. ಇಲ್ಲಿ ಉಪ್ಪಾರ ಸಮಾಜದವರು ಬಹಳ ಮಂದಿ. ಆ ಹೆಸರಿನಲ್ಲಿಯೇ ಉಪ್ಪಿದೆ. ಸವಳು ಮಣ್ಣನ್ನು ಕೆರೆದು ತಂದು, ನೀರಿನಲ್ಲಿ ತೊಳೆದು, ಆ ನೀರನ್ನು ಬಿಸಿಲಿಗೆ ಆರಿಸಿ ಉಪ್ಪು ತೆಗೆಯುವುದು ಅವರ ಹಿರಿಯರ ಕಸುಬಾಗಿತ್ತು. ೧೮೦೦ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಮಣ್ಣುಪ್ಪಿನ ಕೆಲಸವನ್ನು ಕಂಡು ಬರೆದಿಟ್ಟಿದ್ದಾನೆ. ಸಮುದ್ರದ ಉಪ್ಪು ಅಗ್ಗವಾಗಿ ಬಂದು ಆ ಕಸುಬು ಅಳಿಯಿತು. ಯಾವ ಮಣ್ಣಿನಲ್ಲಿ ಉಪ್ಪಿದೆ, ಯಾವುದರಲ್ಲಿ ಅಗಸರಿಗೆ ಬೇಕಾದ ಚೌಳಿದೆ ಎಂಬುದನ್ನು ಕಾಲಿನಲ್ಲಿ ತುಳಿದೇ ಹೇಳಬಲ್ಲ ಜ್ಞಾನವೂ ಅದರೊಡನೆ ಅಳಿಯಿತು. ಅಂಥ ಒಬ್ಬ ಮುದುಕ ಬದುಕಿದ್ದರೆ ನಮ್ಮ ಕೊಳವೆಬಾವಿಯ ತಗ್ಗನ್ನು ನೋಡಿದೊಡನೆ ನನಗಿಂತ ಮೊದಲೇ ತಲೆ ಅಲ್ಲಾಡಿಸುತ್ತಿದ್ದ.

ಈಗ ಫ್ಲೋರೈಡಿನ ವಿಚಾರ. ನಮ್ಮ ನೆಲದ ಕೆಳಗಿರುವ ಹಳೆಯ ಗಟ್ಟಿಕಲ್ಲುಗಳಲ್ಲಿ ಫ್ಲೋರಿನ್ ಸೇರಿದ ಖನಿಜಗಳು ಅಲ್ಲಲ್ಲಿ ಇರುತ್ತವೆ. ಅವುಗಳಲ್ಲಿ ಒಂದು ಕ್ಯಾಲ್ಸಿಯಂ ಫ್ಲೋರೈಡ್. ಇದು ಮಹಾ ಜಿಪುಣ. ಒಂದು ಲೀಟರು ಶುದ್ಧ ನೀರಿನಲ್ಲಿ ಕರಗುವುದು ಹದಿನಾರು ಹದಿನೇಳು ಮಿಲಿಗ್ರಾಂ. ಅಷ್ಟು ಕರಗಿದರೂ ನೀರಿನಲ್ಲಿ ಲೀಟರಿಗೆ ಸುಮಾರು ೮ ಮಿಲಿಗ್ರಾಂ ಫ್ಲೋರೈಡ್ ಆಗುತ್ತದೆ. ನಮ್ಮ ದೇಶದ ಮಾನಕ ಸಂಸ್ಥೆ ಕುಡಿಯುವ ನೀರಿಗೆ ವಿಧಿಸಿರುವ ಮಿತಿ ೧ ಮಿಲಿಗ್ರಾಂ. ಬೇರೆ ನೀರು ದೊರೆಯದಿದ್ದರೆ ೧.೫ರವರೆಗೆ ಸಹಿಸಬಹುದು. ಅಂದಮೇಲೆ ನೆಲದ ನೀರೆಲ್ಲ ವಿಷವಾಗಬೇಕಾಗಿತ್ತಲ್ಲ? ಆಗಿಲ್ಲ. ಒಂದು ಕಾರಣ, ಆ ಖನಿಜ ಎಲ್ಲೆಡೆಯೂ ಇಲ್ಲ. ಇನ್ನೊಂದು ಕಾರಣ, ನಾವು ಬೈಯುವ ಗಡಸುತನ.

ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮೊದಲೇ ತುಂಬಿಕೊಂಡಿರುತ್ತದೆ. ಕ್ಯಾಲ್ಸಿಯಂ ಫ್ಲೋರೈಡಿನಲ್ಲಿಯೂ ಕ್ಯಾಲ್ಸಿಯಂ. ಎಕರೆಯ ಉದ್ದ ಆಗಲೇ ಬೆಳೆದಿದೆ, ಅಗಲಕ್ಕೆ ಎಡೆಯಿಲ್ಲ. ಲೆಕ್ಕ ಹೀಗೆ: ಕ್ಯಾಲ್ಸಿಯಂ ಪ್ರಮಾಣವನ್ನು ಫ್ಲೋರೈಡಿನ ಪ್ರಮಾಣದಿಂದ ಒಮ್ಮೆಯಲ್ಲ, ಎರಡು ಸಲ ಗುಣಿಸಬೇಕು, ಏಕೆಂದರೆ ಒಂದು ಕ್ಯಾಲ್ಸಿಯಂಗೆ ಎರಡು ಫ್ಲೋರೈಡ್ ಜೊತೆ. ಪ್ರಮಾಣಗಳನ್ನು ಮೋಲ್ ಎಂಬ ಅಳತೆಯಲ್ಲಿ ಹಿಡಿಯಬೇಕು. ಒಂದು ಮೋಲ್ ಕ್ಯಾಲ್ಸಿಯಂ ಎಂದರೆ ೪೦ ಗ್ರಾಂ, ಒಂದು ಮೋಲ್ ಫ್ಲೋರೈಡ್ ಎಂದರೆ ೧೯ ಗ್ರಾಂ. ಗುಣಲಬ್ಧ ೩.೯ನ್ನು ಹತ್ತು ಸಾವಿರ ಕೋಟಿಯಿಂದ ಭಾಗಿಸಿದಷ್ಟು. ಲೀಟರಿಗೆ ೪೦ ಮಿಲಿಗ್ರಾಂ ಕ್ಯಾಲ್ಸಿಯಂ ಇರುವ ನೀರು ಎಂದರೆ ಸಾವಿರದಲ್ಲಿ ಒಂದು ಮೋಲ್. ಅದರಿಂದ ಗುಣಲಬ್ಧವನ್ನು ಭಾಗಿಸಿ ವರ್ಗಮೂಲ ತೆಗೆದರೆ ಹತ್ತು ಸಾವಿರದಲ್ಲಿ ಹೆಚ್ಚುಕಡಿಮೆ ಎರಡು ಮೋಲ್ ಫ್ಲೋರೈಡ್. ೧೯ರಿಂದ ಗುಣಿಸಿದರೆ ಲೀಟರಿಗೆ ಸುಮಾರು ೩.೭೫ ಮಿಲಿಗ್ರಾಂ. ಕ್ಯಾಲ್ಸಿಯಂ ನಾಲ್ಕುಪಟ್ಟು ಹೆಚ್ಚಿ ೧೬೦ ಆಯಿತೆನ್ನಿ. ಫ್ಲೋರೈಡ್ ಅರ್ಧಕ್ಕಿಳಿದು ೧.೯. ಕ್ಯಾಲ್ಸಿಯಂ ನಾಲ್ಕನೆಯ ಒಂದು ಪಾಲಾಗಿ ೧೦ಕ್ಕೆ ಇಳಿಯಿತೆನ್ನಿ. ಫ್ಲೋರೈಡ್ ಇಮ್ಮಡಿಯಾಗಿ ೭.೫ಕ್ಕೆ ಏರಲು ಎಡೆ ಸಿಕ್ಕಿತು.

ಈ ಲೆಕ್ಕ ಹೇಳುವುದು ಛಾವಣಿಯ ಎತ್ತರವನ್ನು. ಮನೆಯೊಳಗೆ ನಿಂತವನ ಎತ್ತರವನ್ನಲ್ಲ. ಕಲ್ಲಿನಲ್ಲಿ ಫ್ಲೋರಿನ್ ಇಲ್ಲದಿದ್ದರೆ ಮೆದು ನೀರಿನಲ್ಲಿಯೂ ಅದು ಇರುವುದಿಲ್ಲ. ಮಳೆಯ ನೀರಿಗಿಂತ ಮೆದುವಾದದ್ದು ಯಾವುದು? ಅದರಲ್ಲಿ ದೋಷವೇನೂ ಇಲ್ಲ. ನೀರಿನಲ್ಲಿ ಬೇರೆ ಲವಣಗಳು ಹೆಚ್ಚಿದ್ದರೆ ಛಾವಣಿ ಸ್ವಲ್ಪ ಮೇಲಕ್ಕೂ ಹೋಗುತ್ತದೆ. ಆದರೂ ಆಳದ ಕಲ್ಲಿನ ಬಿರುಕಿನಲ್ಲಿ ವರ್ಷಗಟ್ಟಲೆ ನಿಂತ ಮೆದು ನೀರನ್ನು ಕಂಡಾಗ, ಛಾವಣಿ ಎತ್ತರವಾಗಿದೆ, ಒಳಗೆ ಯಾರು ನಿಂತಿದ್ದಾರೋ ನೋಡಬೇಕು ಎಂಬಷ್ಟು ಎಚ್ಚರವನ್ನು ಈ ಲೆಕ್ಕ ಕೊಡುತ್ತದೆ.

ಆಳದ ನೀರು ಮೆದುವಾಗುವುದಾದರೂ ಹೇಗೆ? ಇಲ್ಲಿ ಚೌಳು ರಂಗಕ್ಕೆ ಬರುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಒಬ್ಬನೇ. ಅವನಿಗಾಗಿ ಕಾದವರು ಇಬ್ಬರು, ಫ್ಲೋರೈಡ್ ಮತ್ತು ಕಾರ್ಬೊನೇಟ್. ಸೋಡದ ಅಂಶ ಹೆಚ್ಚಾದ ನೀರಿನಲ್ಲಿ ಕಾರ್ಬೊನೇಟ್ ಕ್ಯಾಲ್ಸಿಯಂನನ್ನು ಹಿಡಿದುಕೊಂಡು ಸುಣ್ಣದ ಹರಳುಕಲ್ಲಾಗಿ ಕುಳಿತುಬಿಡುತ್ತದೆ. ಜೇಡಿಮಣ್ಣು ಸಹ ಕ್ಯಾಲ್ಸಿಯಂನನ್ನು ಒಳಗೆ ಸೆಳೆದುಕೊಂಡು ಬದಲಿಗೆ ಸೋಡಿಯಂ ಬಿಟ್ಟುಕೊಡುತ್ತದೆ. ಕಾವಲುಗಾರ ಹೋದ ಮೇಲೆ ಫ್ಲೋರೈಡನ್ನು ತಡೆಯುವವರಿಲ್ಲ. ಕಲ್ಲಿನಿಂದ ಅದು ಇನ್ನಷ್ಟು ಕರಗಿ ಬರುತ್ತದೆ. ಅಗಸರು ಚೌಳುಮಣ್ಣನ್ನು ಹಾಕಿ ಬಟ್ಟೆ ಒಗೆಯುತ್ತಿದ್ದುದೂ ಇದೇ ಕಾರಣಕ್ಕೆ. ಅದು ನೀರಿನ ಸುಣ್ಣವನ್ನು ಕೆಳಕ್ಕೆ ದೂಡಿ ಸಾಬೂನಿಗೆ ಹಾದಿ ಬಿಡಿಸುತ್ತದೆ. ಬೇಳೆ ಬೇಯಲೆಂದು ಒಂದು ಚಿಟಿಕೆ ಅಡುಗೆ ಸೋಡ ಹಾಕುವ ಅತ್ತಿಗೆಯೂ ಪಾತ್ರೆಯಲ್ಲಿ ಅದನ್ನೇ ಮಾಡುತ್ತಿದ್ದವರು. ಭೂಮಿತಾಯಿ ಅದೇ ಅಡುಗೆಯನ್ನು ಐನೂರು ಅಡಿಯ ಕೆಳಗೆ ಮಾಡಿ ಬಡಿಸಿದ್ದಳು. ಬೇಳೆ ಬೇಯಿಸುವ ಗುಣವೂ ಸಾಬೂನಿನ ನೊರೆಯೂ ಯಾವ ಕಾರಣದಿಂದ ಬಂದುವೋ, ಅದೇ ಕಾರಣದಿಂದ ಮೂರನೆಯ ಅತಿಥಿಯೂ ಬರಬಹುದಾಗಿತ್ತು.

ಆ ಅತಿಥಿಯ ಉಪದ್ರವ ನಮ್ಮ ದೇಶಕ್ಕೆ ಹೊಸದಲ್ಲ. ೧೯೩೭ರಲ್ಲಿ, ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನೆಲ್ಲೂರು ಜಿಲ್ಲೆಯಲ್ಲಿ, ಬೆನ್ನು ಕುತ್ತಿಗೆಗಳು ಸೆಟೆದು ಮರಗಟ್ಟಿದ ರೈತರನ್ನು ವೈದ್ಯರು ಪರೀಕ್ಷಿಸಿ, ಬಾವಿಯ ನೀರಿನ ಫ್ಲೋರೈಡೇ ಇದಕ್ಕೆ ಕಾರಣವೆಂದು ಪ್ರಕಟಿಸಿದರು. ನಮ್ಮ ನಾಡಿನಲ್ಲಿ ಪಾವಗಡದ ಕಡೆಯವರಿಗೆ ಈ ಸಂಕಟದ ವಿಚಾರ ಯಾರೂ ಹೇಳಿಕೊಡಬೇಕಾಗಿಲ್ಲ. ಚಾಮರಾಜನಗರ ಜಿಲ್ಲೆಯ ಹೆಸರೂ ಅಂತರ್ಜಲದಲ್ಲಿ ಅಲ್ಲಲ್ಲಿ ಫ್ಲೋರೈಡ್ ಮಿತಿಮೀರಿದ ಜಿಲ್ಲೆಗಳ ಸರ್ಕಾರಿ ಪಟ್ಟಿಯಲ್ಲಿ ಇದೆ. ದೊಡ್ಡವರಲ್ಲಿ ಮೂಳೆಗೆ ತಾಗಲು ಬಹಳ ವರ್ಷಗಳು ಬೇಕು. ಮಕ್ಕಳ ವಿಚಾರ ಹಾಗಲ್ಲ. ಹುಟ್ಟಿದಂದಿನಿಂದ ಎಂಟು ವರ್ಷದವರೆಗೆ ಒಸಡಿನ ಒಳಗೆ ಶಾಶ್ವತ ಹಲ್ಲುಗಳ ಮೇಲ್ಪದರ ರೂಪುಗೊಳ್ಳುತ್ತಿರುತ್ತದೆ. ಆಗ ಮೀರಿ ಸೇರಿದ ಫ್ಲೋರೈಡ್ ಸುಣ್ಣ ಬಳಿದಂಥ ಪಟ್ಟೆಗಳನ್ನೋ ಕಂದು ಕಲೆಗಳನ್ನೋ ಬರೆದುಬಿಡುತ್ತದೆ. ಹಲ್ಲು ಹುಟ್ಟಿದ ಮೇಲೆ ಎಷ್ಟು ಉಜ್ಜಿದರೂ ಆ ಬರವಣಿಗೆ ಅಳಿಸದು. ನನ್ನ ಕಣ್ಣಮುಂದೆ ಇದ್ದದ್ದು ಆ ಒಂದೂವರೆ ವರ್ಷದ ಕೂಸಿನ ನಗು.

ಎರಡು ಪ್ಲಾಸ್ಟಿಕ್ ಶೀಷೆಗಳಲ್ಲಿ ಎರಡು ಬಾವಿಗಳ ನೀರನ್ನು ತುಂಬಿಸಿ ಸರ್ಕಾರಿ ಪ್ರಯೋಗಾಲಯಕ್ಕೆ ಒಪ್ಪಿಸಿದೆ. ಉತ್ತರ ಬರುವವರೆಗೆ ಅತ್ತಿಗೆ ನನ್ನೊಡನೆ ಆಡಿದ ಮಾತು ಊಟಕ್ಕೆ ಕರೆಯುವಷ್ಟಕ್ಕೆ ಸೀಮಿತವಾಗಿತ್ತು. ಅಣ್ಣ ಜಗಲಿಯ ಮೇಲೆ ಕುಳಿತು ಎರಡೂ ಪಕ್ಷಕ್ಕೆ ತಲೆದೂಗುತ್ತಿದ್ದ. ಹತ್ತಾರು ಲಕ್ಷ ಖರ್ಚಿನ ಮಾತಲ್ಲವಾದರೂ ಕೊಳವೆ ಕೊರೆಸಿದ ಸಾಲ ಇನ್ನೂ ತೀರಿರಲಿಲ್ಲ. ಸಾಲಮಾಡಿ ತಂದ ಗಂಗೆಯನ್ನು ಮೈಸೂರಿನಿಂದ ಬಂದವನೊಬ್ಬ ಸಂಶಯದಿಂದ ನೋಡಿದರೆ ಯಾರಿಗೆ ತಾನೆ ಹಿತವಾದೀತು?

ಉತ್ತರ ಬಂತು. ಹಳೆಯ ಬಾವಿಯಲ್ಲಿ ಕ್ಯಾಲ್ಸಿಯಂ ಲೀಟರಿಗೆ ನೂರು ಮಿಲಿಗ್ರಾಂಗೆ ಮೇಲೆ. ಫ್ಲೋರೈಡ್ ಒಂದಕ್ಕೆ ಸ್ವಲ್ಪ ಕೆಳಗೆ. ಕೊಳವೆಬಾವಿಯಲ್ಲಿ ಕ್ಯಾಲ್ಸಿಯಂ ಹದಿನೈದನ್ನೂ ಮುಟ್ಟಿರಲಿಲ್ಲ. ಫ್ಲೋರೈಡ್ ಮೂರಕ್ಕೆ ಸಮೀಪ. ಎರಡೂ ನೀರು ಛಾವಣಿಯ ಕೆಳಗೇ ಇದ್ದುವು. ಆದರೆ ಕೊಳವೆಬಾವಿಯ ಛಾವಣಿ ಆರಕ್ಕೂ ಮೇಲಿದ್ದುದರಿಂದ ಅದು ಇನ್ನೂ ಬೆಳೆಯಲು ಎಡೆಯಿತ್ತು.

ಅಣ್ಣನ ಮಗ ಕಾಗದವನ್ನು ಎರಡು ಸಲ ಓದಿದ. ಅವನು ಬಿ.ಎ. ಓದಿದವನಾದರೂ ಕೇಳಿದ ಪ್ರಶ್ನೆಗಳು ನನ್ನ ಎಷ್ಟೋ ಮಂದಿ ವಿಜ್ಞಾನದ ವಿದ್ಯಾರ್ಥಿಗಳು ಕೇಳದಿದ್ದಂಥವು.

“ಕುದಿಸಿದ್ರೆ ಹೋಗಲ್ವಾ ಚಿಕ್ಕಪ್ಪ?”

ಹೋಗುವುದಿಲ್ಲ. ಕುದಿಸಿದರೆ ಕ್ರಿಮಿಗಳು ಸಾಯುತ್ತವೆ, ಗಡಸುತನದ ಒಂದು ಪಾಲು ಹಕ್ಕಳೆಯಾಗಿ ಪಾತ್ರೆಗೆ ಹತ್ತುತ್ತದೆ. ಫ್ಲೋರೈಡ್ ಅಲ್ಲಿಯೇ ಉಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಅನ್ನಕ್ಕೋ ಸಾರಿಗೋ ಹಾಕಿದರೂ ಹೊಟ್ಟೆಗೆ ಸೇರುವುದು ಸೇರಿಯೇ ಸೇರುತ್ತದೆ. ಆದ್ದರಿಂದ ಕುಡಿಯಲು ಮಾತ್ರ ಬೇಡ, ಅಡುಗೆಗೆ ಪರವಾಗಿಲ್ಲ ಎಂಬ ರಾಜಿಯೂ ನಡೆಯದು.

“ಹಂಗಾದ್ರೆ ಬೋರ್ ನೀರ್ಗೆ ಒಂದಿಷ್ಟು ಸುಣ್ಣ ಹಾಕಿ ಗಡಸು ಮಾಡಿದ್ರೆ? ನೀವೇ ಹೇಳಿದ್ರಲ್ಲ, ಕ್ಯಾಲ್ಸಿಯಂ ಜಾಸ್ತಿಯಾದ್ರೆ ಅದು ತಳಕ್ಕೆ ಬೀಳ್ತದೆ ಅಂತ.”

ಈ ಪ್ರಶ್ನೆಗೆ ನನಗೆ ಆದ ಆನಂದ ಅಷ್ಟಿಷ್ಟಲ್ಲ. ಅಂಗಳದಲ್ಲಿಯೇ ಕಡ್ಡಿಯಿಂದ ಲೆಕ್ಕ ಗೀಚಿ ತೋರಿಸಿದೆ. ಛಾವಣಿಯನ್ನು ೧.೫ಕ್ಕೆ ಇಳಿಸಬೇಕಾದರೆ ಲೀಟರಿಗೆ ೨೫೦ ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. ಕುಡಿಯುವ ನೀರಿಗೆ ಹೆಚ್ಚೆಂದರೆ ೨೦೦ ಎಂಬ ಮಿತಿಯನ್ನೇ ಅದು ದಾ��ುತ್ತದೆ. ಸಾಲದ್ದಕ್ಕೆ ಈ ನೀರಿನಲ್ಲಿ ತುಂಬಿರುವ ಸೋಡ, ಹಾಕಿದ ಸುಣ್ಣವನ್ನು ಮೊದಲು ತಾನು ನುಂಗುತ್ತದೆ. ಅದನ್ನೂ ಮೀರಿ ಸುರಿದರೆ ನೀರು ಬಾಯಿ ಸುಡುವಷ್ಟು ತೀಕ್ಷ್ಣವಾಗುತ್ತದೆ. ನಾಗಪುರದ ರಾಷ್ಟ್ರೀಯ ಪರಿಸರ ಇಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯವರು ೧೯೭೦ರ ದಶಕದಲ್ಲಿ ಒಂದು ವಿಧಾನವನ್ನು ರೂಪಿಸಿ ಅದಕ್ಕೆ ನಲ್ಗೊಂಡ ಪದ್ಧತಿಯೆಂದು ಹೆಸರಿಟ್ಟರು. ಅದರಲ್ಲಿ ಸುಣ್ಣದ ಜೊತೆಗೆ ಪಟಿಕವನ್ನೂ ಹಾಕಬೇಕು. ಪಟಿಕದಿಂದ ಹುಟ್ಟುವ ಅಲ್ಯೂಮಿನಿಯಂನ ಮೆತ್ತನೆಯ ಒತ್ತರ ಫ್ಲೋರೈಡನ್ನು ಅಪ್ಪಿಕೊಂಡು ಕೆಳಗಿಳಿಯುತ್ತದೆ. ಅಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಪಟಿಕವೇ ಹೊರತು ನೆರ್ನ್‌ಸ್ಟನ ಸೂತ್ರವಲ್ಲ. ಪ್ರತಿದಿನವೂ ಅಳತೆ ತಪ್ಪದೆ ಮಾಡಬೇಕಾದ ಈ ಕೆಲಸವನ್ನು ಹೊಲಗೆಲಸದ ಮನೆಯಲ್ಲಿ ಯಾರು ನೋಡಿಕೊಳ್ಳುವರು? ನಾಣ್ಯ ಹಾಕಿದರೆ ಇಪ್ಪತ್ತು ಲೀಟರು ಕೊಡುವ ಶುದ್ಧ ನೀರಿನ ಘಟಕಗಳು ಈಗ ಹಳ್ಳಿಹಳ್ಳಿಗಳಲ್ಲಿ ಇವೆ. ಅವು ಕೆಟ್ಟು ನಿಲ್ಲದಿರುವ ದಿನಗಳಲ್ಲಿ ಫ್ಲೋರೈಡನ್ನು ಬಹುಪಾಲು ಕಳೆಯುತ್ತವೆ. ಆದರೆ ನಮ್ಮ ತೋಟದ ಮನೆಯಿಂದ ದಿನವೂ ಕ್ಯಾನು ಹೊತ್ತು ತರುವುದು ಮಳೆಗಾಲದಲ್ಲಿ ಆಗುವ ಮಾತಲ್ಲ.

ಇಷ್ಟು ಹೊತ್ತೂ ಅತ್ತಿಗೆ ಬಾಗಿಲಿನ ಚೌಕಟ್ಟಿಗೆ ಒರಗಿ ಕೇಳುತ್ತ ನಿಂತಿದ್ದರು. ವರ್ಗಮೂಲವೂ ಮೋಲೂ ಅವರಿಗೆ ಬೇಕಾಗಿರಲಿಲ್ಲ. “ಅಂದ್ರೆ, ಬೇಳೆ ಬೇಯಿಸ್ದೆ ಕಾಡ್ಸೋ ನೀರೇ ಕೂಸ್ನ ಹಲ್ಲು ಕಾಯೋದು ಅಂತೀಯಾ?” ಎಂದರು.

“ನಮ್ಮ ಹೊಲದ ಮಟ್ಟಿಗೆ ಹಾಗೆಯೇ ಅತ್ತಿಗೆ” ಎಂದೆ. ಎಲ್ಲ ಗಡಸು ನೀರೂ ನಿರಪಾಯವೆಂದು ಹೇಳಿದ ಹಾಗಾಗಬಾರದೆಂದು ಇಷ್ಟು ಎಚ್ಚರ ವಹಿಸಿದೆ. ಗಡಸಾಗಿದ್ದೂ ಫ್ಲೋರೈಡ್ ಇರುವ ಬಾವಿಗಳುಂಟು. ಪರೀಕ್ಷೆಯಿಲ್ಲದೆ ಯಾವುದಕ್ಕೂ ಪ್ರಮಾಣಪತ್ರ ಕೊಡಲಾಗದು.

ಅವರು ಹೆಚ್ಚು ಮಾತನಾಡಲಿಲ್ಲ. ಒಳಗೆ ಹೋಗಿ ಕೊಳವೆಬಾವಿಯ ನೀರು ತುಂಬಿಟ್ಟಿದ್ದ ಕೊಡವನ್ನು ತಂದು ಹಿತ್ತಲಿನ ಬಚ್ಚಲ ಹಂಡೆಗೆ ಸುರಿದರು. ಕೊಳಾಯಿ ಬಚ್ಚಲಿನವರೆಗೆ ಬಂತು. ಅಡುಗೆಮನೆಗೆ ತಿರುಗಬೇಕಾಗಿದ್ದ ಕವಲನ್ನು ಅಣ್ಣನ ಮಗ ಮುಚ್ಚಿಸಿದ. ಸ್ನಾನಕ್ಕೆ, ಬಟ್ಟೆಗೆ ಅದೇ ನೀರು. ಅರಿಸಿನದ ಹೊಲಕ್ಕೆ ಬಿಡುವಾಗ ಮಣ್ಣು ಪೂರ್ತಿ ಚೌಳಾಗದಂತೆ ಹಳೆಯ ಬಾವಿಯ ನೀರನ್ನು ಸರದಿಯ ಮೇಲೆ ಸೇರಿಸುತ್ತಾನೆ. ಕುಡಿಯುವುದಕ್ಕೂ ಅಡುಗೆಗೂ ಹಳೆಯ ಬಾವಿ. ಆಮೆಗಳಿರುವ ನೀರಾದ್ದರಿಂದ ಸೋಸಿ, ಕುದಿಸಿ, ಆರಿಸಿ ಕುಡಿಯುತ್ತಾರೆ. ಕುದಿಸಿದಾಗ ಒಂದಿಷ್ಟು ಸುಣ್ಣ ಹೋದರೂ ಪಾತ್ರೆಯೊಳಗೆ ಹೊಸದಾಗಿ ಕರಗಲು ಫ್ಲೋರೈಡಿನ ಕಲ್ಲು ಇಲ್ಲವಾದ್ದರಿಂದ ಭಯವಿಲ್ಲ. ನೀರನ್ನು ಬತ್ತಿಸದಿದ್ದರೆ ಆಯಿತು. ಬೇಳೆಯನ್ನು ಹಿಂದಿನ ರಾತ್ರಿಯೇ ನೆನೆಹಾಕುತ್ತಾರೆ. ಹಂಡೆಗೆ ಹಕ್ಕಳೆ ಕಟ್ಟುವುದು ನಿಂತಿತೆಂದೂ, ಅದು ಅನ್ನದ ಪಾತ್ರೆಗೆ ವರ್ಗವಾಯಿತೆಂದೂ ಅತ್ತಿಗೆಯ ದೂರು. ಹುಣಿಸೆಹಣ್ಣಿನ ನೀರಿನಲ್ಲಿ ನೆನೆಸಿ ಉಜ್ಜಿದರೆ ಅದು ಬಿಡುತ್ತದೆಂಬುದನ್ನು ನನಗೆ ಹೇಳಿಕೊಟ್ಟವರು ಅವರೇ.

ಹೋದ ಸಲ ಊರಿಗೆ ಹೋದಾಗ ಮೂಡಲ ದಿಕ್ಕಿಗೆ ಬಿಳಿಗಿರಿರಂಗನ ಬೆಟ್ಟದ ಸಾಲಿನ ಮೇಲೆ ಮೋಡ ಕವಿದಿತ್ತು. ಬಾವಿ ಮೇಲಿನ ಮೆಟ್ಟಿಲಿನವರೆಗೆ ತುಂಬಿತ್ತು. ಹೊರಡುವಾಗ ಅತ್ತಿಗೆ ಮಜ್ಜಿಗೆಮೆಣಸಿನಕಾಯಿಯ ಡಬ್ಬಿಯೊಡನೆ ಚೆನ್ನಾಗಿ ತೊಳೆದು ಒಣಗಿಸಿದ ಎರಡು ಪ್ಲಾಸ್ಟಿಕ್ ಶೀಷೆಗಳನ್ನೂ ನನ್ನ ಚೀಲಕ್ಕೆ ಹಾಕಿದರು. ಒಂದರ ಕತ್ತಿಗೆ ಕೆಂಪು ದಾರ, ಇನ್ನೊಂದಕ್ಕೆ ಬಿಳಿಯ ದಾರ.

“ಕೆಂಪು ದಾರದ್ದು ಬಾವಿದು, ಬಿಳೀದು ಬೋರ್ದು. ಮಳೆ ನೀರು ಬೆರ್ತದಲ್ಲ, ಈಗೆಂಗದೆ ಅಂತ ಇನ್ನೊಂದ್ಸಲ ನೋಡ್ಸು ಕಣಪ್ಪ. ಮೊನ್ನೆ ಪಕ್ಕದ್ ಹೊಲ್ದವ್ರೂ ಕೇಳ್ತಿದ್ರು, ಅವ್ರ ಶೀಷೆ ನಾಳಿದ್ದು ಬಸ್ಸಲ್ಲಿ ಕಳಿಸ್ತೀನಿ” ಎಂದರು.